ಹನುಕ್ಕಾ ದೀಪ ಹಚ್ಚುವ ಕ್ರಮ: ಪದೇ ಪದೇ ಕೇಳುವ ಪ್ರಶ್ನೆಗಳು

ಇಸ್ರೇಲಿನ ಮನೆಗಳಲ್ಲಿ ವಯಸ್ಸಾದವರ ಆರೈಕೆಗೆಂದು ಮಂಗಳೂರು, ಉಡುಪಿ ಕಡೆಯಿಂದ ಹೋದವರು ಅನೇಕರಿದ್ದಾರೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿ, ಡಿಸೆಂಬರಿನ ಒಂದು ಸಂಜೆ ಯಹೂದಿ ಸ್ನೇಹಿತರ ಮನೆಗೆ ದೀಪ ಹಚ್ಚುವುದನ್ನು ನೋಡಲು ಕರೆ ಬಂದಾಗ ಏನು ಮಾಡಬೇಕು, ಏನು ಮಾಡಬಾರದು ಎಂದು ತಿಳಿಯದೆ ಹಿಂಜರಿಯುವ ಕನ್ನಡಿಗರೂ ಇದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು, ಹಾಗೆಯೇ ಹನುಕ್ಕಾ ಎಂಬ ಈ ಯಹೂದಿ ಹಬ್ಬದ ಬಗ್ಗೆ ಸುಮ್ಮನೆ ತಿಳಿಯಬಯಸುವವರಿಗಾಗಿಯೂ, ಸಾಮಾನ್ಯವಾಗಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಯಹೂದಿಗಳಲ್ಲಿ ಯುರೋಪ್ ಮೂಲದ ಅಶ್ಕೆನಾಜಿಗಳು, ಸ್ಪೇನ್ ಮತ್ತು ಅರಬ್ ನಾಡುಗಳ ಹಿನ್ನೆಲೆಯ ಸೆಫಾರ್ದಿಗಳು ಹೀಗೆ ಹಲವು ಪಂಗಡಗಳಿದ್ದು, ಪದ್ಧತಿಗಳು ಅಲ್ಲಲ್ಲಿ ಬೇರೆಯಾಗುತ್ತವೆ. ಆದ್ದರಿಂದ ನೀವಿರುವ ಮನೆಯ ರೂಢಿ ಇಲ್ಲಿ ಬರೆದದ್ದಕ್ಕಿಂತ ಭಿನ್ನವಾಗಿದ್ದರೆ ಆ ಮನೆಯ ರೂಢಿಯನ್ನೇ ಅನುಸರಿಸಿ.

ಹನುಕ್ಕಾ ದೀಪ ಯಾವುದರ ನೆನಪಿಗೆ?

ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಜೆರುಸಲೇಮ್ ಸೆಲ್ಯೂಸಿಡ್ ಎಂಬ ಗ್ರೀಕ್ ರಾಜಮನೆತನದ ಕೈಯಲ್ಲಿತ್ತು. ಆ ಮನೆತನದ ದೊರೆ 4ನೇ ಆಂಟಿಯೋಕಸ್ ಯಹೂದಿಗಳ ಧರ್ಮಾಚರಣೆಯನ್ನು ನಿಷೇಧಿಸಿ, ಕ್ರಿ.ಪೂ. 167ರಲ್ಲಿ ಅವರ ದೇವಾಲಯದ ಬಲಿಪೀಠವನ್ನು ಅನ್ಯದೇವರ ಪೂಜೆಗೆ ಬಳಸಿ ಅಪವಿತ್ರಗೊಳಿಸಿದನು. ಮೋದಿಯೀನ್ ಎಂಬ ಊರಿನ ಪುರೋಹಿತ ಮತ್ತಿತ್ಯಾಹು ಮತ್ತು ಅವನ ಐವರು ಮಕ್ಕಳು ದಂಗೆ ಎದ್ದರು. ಮಕ್ಕಳಲ್ಲೊಬ್ಬನಾದ ಯೆಹೂದ ಮಕ್ಕಾಬಿಯ ನೇತೃತ್ವದಲ್ಲಿ ಕ್ರಿ.ಪೂ. 164ರಲ್ಲಿ ದೇವಾಲಯವನ್ನು ಮರಳಿ ಪಡೆದು, ಶುದ್ಧೀಕರಿಸಿ, ಹೊಸ ಬಲಿಪೀಠವನ್ನು ಕಟ್ಟಿ ದೇವರಿಗೆ ಸಮರ್ಪಿಸಿದರು. ಆ ಸಮರ್ಪಣೆಯ ಹಬ್ಬವೇ ಹನುಕ್ಕಾ.

ಎಣ್ಣೆಯ ಕಥೆ ಎಲ್ಲರಿಗೂ ಗೊತ್ತು: ದೇವಾಲಯದ ದೀಪಸ್ತಂಭವನ್ನು ಮತ್ತೆ ಬೆಳಗಿಸಲು ಹೊರಟಾಗ ಮಹಾಯಾಜಕನ ಮುದ್ರೆ ಮುರಿಯದೆ ಉಳಿದಿದ್ದ ಒಂದೇ ಒಂದು ಎಣ್ಣೆಯ ಭರಣಿ ಸಿಕ್ಕಿತು, ಒಂದು ದಿನಕ್ಕೆ ಸಾಲುವಷ್ಟಿದ್ದ ಆ ಎಣ್ಣೆ ಎಂಟು ದಿನ ಉರಿಯಿತು. ಯುದ್ಧಕ್ಕೆ ಹತ್ತಿರದ ಕಾಲದಲ್ಲಿ ರಚಿತವಾದ ಮಕ್ಕಾಬಿಯರ ಚರಿತ್ರೆಗಳಲ್ಲಿ ಈ ಪ್ರಸಂಗವಿಲ್ಲ. ಅವುಗಳಲ್ಲಿರುವುದು ಗೆಲುವು, ಶುದ್ಧೀಕರಣ ಮತ್ತು ಎಂಟು ದಿನಗಳ ಉತ್ಸವ ಮಾತ್ರ. ಎಣ್ಣೆಯ ಪವಾಡವನ್ನು ಹೇಳುವುದು ಶತಮಾನಗಳ ನಂತರ ಸಂಕಲನಗೊಂಡ ತಾಲ್ಮುದ್ ಎಂಬ ಯಹೂದಿ ಧರ್ಮಶಾಸ್ತ್ರ ಚರ್ಚೆಗಳ ಗ್ರಂಥ. ಆದರೆ ಕ್ರಿ.ಶ. 1ನೇ ಶತಮಾನದ ಇತಿಹಾಸಕಾರ ಜೋಸೆಫಸನೇ ಈ ಹಬ್ಬವನ್ನು ಜನ ‘ದೀಪಗಳು’ ಎಂದು ಕರೆಯುತ್ತಾರೆಂದು ಬರೆದಿದ್ದಾನೆ. ಬೆಳಕಿಗೂ ಈ ಹಬ್ಬಕ್ಕೂ ಇರುವ ನಂಟು ಎಷ್ಟು ಹಳೆಯದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎಣ್ಣೆ ಒಂದು ದಿನಕ್ಕೆ ಇದ್ದೇ ಇತ್ತಲ್ಲ, ಹಾಗಾದರೆ ಪವಾಡ ನಡೆದದ್ದು ಏಳು ದಿನವಲ್ಲವೇ?

ಮಕ್ಕಳು ಕೇಳುವಂತೆ ತೋರುವ ಈ ಪ್ರಶ್ನೆಯನ್ನು 16ನೇ ಶತಮಾನದ ಮಹಾ ಧರ್ಮಶಾಸ್ತ್ರಜ್ಞ ಯೋಸೇಫ್ ಕಾರೋ ತಾವೇ ಎತ್ತಿ ಮೂರು ಉತ್ತರಗಳನ್ನು ಕೊಟ್ಟಿದ್ದಾರೆ. ಎಣ್ಣೆಯನ್ನು ಮೊದಲೇ ಎಂಟು ಪಾಲು ಮಾಡಿಕೊಂಡಿದ್ದರು, ಒಂದೊಂದು ಪಾಲೂ ಇಡೀ ರಾತ್ರಿ ಉರಿಯಿತು ಎಂಬುದು ಒಂದು. ದೀಪಗಳಿಗೆ ಸುರಿದ ಮೇಲೂ ಭರಣಿ ತುಂಬಿಯೇ ಇತ್ತು ಎಂಬುದು ಎರಡನೆಯದು. ಮೊದಲ ರಾತ್ರಿ ಎಲ್ಲ ಎಣ್ಣೆಯನ್ನೂ ಹಾಕಿ ಹಚ್ಚಿದರೂ ಬೆಳಗ್ಗೆ ಅದು ಇದ್ದಷ್ಟೇ ಇತ್ತು ಎಂಬುದು ಮೂರನೆಯದು. ಅವರ ನಂತರದ ವಿದ್ವಾಂಸರು ಇದಕ್ಕೆ ನೂರಾರು ಉತ್ತರಗಳನ್ನು ಸೇರಿಸಿದ್ದಾರೆ, ಇಂದಿಗೂ ಸೇರಿಸುತ್ತಿದ್ದಾರೆ. ಯುದ್ಧದಲ್ಲಿ ಗೆದ್ದದ್ದೇ ಮೊದಲ ದಿನದ ಪವಾಡ ಎನ್ನುವವರಿದ್ದಾರೆ. ಒಂದು ದಿನಕ್ಕೆ ಮಾತ್ರ ಸಾಲುವ ಎಣ್ಣೆಯನ್ನು ಹಿಡಿದು, ನಾಳೆಯ ಗತಿ ಏನೆಂದು ಯೋಚಿಸುತ್ತ ಕೂರದೆ ದೀಪ ಹಚ್ಚಲು ಮನಸ್ಸು ಮಾಡಿದರಲ್ಲ, ಅದೇ ಪವಾಡ ಎನ್ನುವವರೂ ಇದ್ದಾರೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಈ ಕೊನೆಯ ಉತ್ತರ.

ಹಬ್ಬ ಯಾವಾಗ ಬರುತ್ತದೆ?

ಹೀಬ್ರೂ ಪಂಚಾಂಗದ ಕಿಸ್ಲೇವ್ ತಿಂಗಳ 25ರಂದು ಆರಂಭವಾಗಿ ಎಂಟು ದಿನ ನಡೆಯುತ್ತದೆ. ಆ ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯಾಸ್ತದಿಂದ. ಹಾಗಾಗಿ ಮೊದಲ ದೀಪವನ್ನು 24ರ ಹಗಲು ಮುಗಿದ ಸಂಜೆಯೇ ಹಚ್ಚುತ್ತಾರೆ. ನಮ್ಮ ಚಾಂದ್ರಮಾನದಂತೆ ಅಲ್ಲೂ ಅಧಿಕಮಾಸವಿರುವುದರಿಂದ ಇಂಗ್ಲಿಷ್ ತಾರೀಖು ವರ್ಷವರ್ಷಕ್ಕೆ ಬದಲಾಗುತ್ತದೆ. 2024ರಲ್ಲಿ ಡಿಸೆಂಬರ್ 25ರ ಸಂಜೆ, 2025ರಲ್ಲಿ ಡಿಸೆಂಬರ್ 14ರ ಸಂಜೆ ಮೊದಲ ದೀಪ ಬಂದಿತ್ತು. 2026ರಲ್ಲಿ ಅದು ಡಿಸೆಂಬರ್ 4ರ ಶುಕ್ರವಾರ. ಶುಕ್ರವಾರವಾದ್ದರಿಂದ ಹಚ್ಚುವ ಹೊತ್ತು ಬದಲಾಗುತ್ತದೆ. ಆ ವಿವರ ಮುಂದಿದೆ.

ಒಂದು ರಾತ್ರಿಗೆ ಎಷ್ಟು ದೀಪ? ಪ್ರತಿದಿನ ಒಂದೊಂದು ಹೆಚ್ಚಿಸುವುದು ಏಕೆ?

ತಾಲ್ಮುದಿನ ಪ್ರಕಾರ ಕಡ್ಡಾಯವಾದದ್ದು ತೀರ ಕಡಿಮೆ: ಮನೆಗೆ ರಾತ್ರಿಗೊಂದು ದೀಪ. ಇನ್ನೂ ಶ್ರದ್ಧೆಯಿಂದ ಮಾಡುವವರು ಮನೆಯಲ್ಲಿರುವ ಒಬ್ಬೊಬ್ಬರಿಗೂ ಒಂದೊಂದು ದೀಪ ಹಚ್ಚುತ್ತಾರೆ. ಅದಕ್ಕೂ ಮಿಗಿಲಾದ ಶ್ರದ್ಧೆಯುಳ್ಳವರು ದಿನಗಳ ಲೆಕ್ಕಕ್ಕೆ ತಕ್ಕಂತೆ ದೀಪಗಳ ಸಂಖ್ಯೆಯನ್ನು ಬದಲಿಸುತ್ತಾರೆ. ಬದಲಿಸುವುದು ಹೇಗೆ ಎಂಬಲ್ಲಿ ಶಮ್ಮಾಯಿ ಮತ್ತು ಹಿಲ್ಲೇಲ್ ಎಂಬ ಇಬ್ಬರು ಗುರುಗಳ ಪರಂಪರೆಗಳ ನಡುವೆ ಭಿನ್ನಾಭಿಪ್ರಾಯ ಬಂದಿತು. ಶಮ್ಮಾಯಿ ಪರಂಪರೆಯವರು ಮೊದಲ ರಾತ್ರಿ ಎಂಟು ಹಚ್ಚಿ ದಿನಕ್ಕೊಂದರಂತೆ ಇಳಿಸಬೇಕು ಎಂದರು. ಅವರು ಎಣಿಸುತ್ತಿದ್ದುದು ಇನ್ನೂ ಬರಬೇಕಾದ ದಿನಗಳನ್ನು. ಹಿಲ್ಲೇಲ್ ಪರಂಪರೆಯವರು ಒಂದರಿಂದ ಶುರುಮಾಡಿ ಏರಿಸಬೇಕು ಎಂದರು. ಪವಿತ್ರವಾದ ವಿಷಯದಲ್ಲಿ ಏರಬೇಕೇ ಹೊರತು ಇಳಿಯಬಾರದು ಎಂಬುದು ಅವರು ಕೊಟ್ಟ ಕಾರಣ. ನಿಂತದ್ದು ಹಿಲ್ಲೇಲರ ಮಾತು. ಅಂದು ಅತಿಶ್ರದ್ಧೆಯ ಕ್ರಮವೆನಿಸಿದ್ದು ಇಂದು ಪ್ರಪಂಚದ ಎಲ್ಲೆಡೆಯ ಸಾಮಾನ್ಯ ಕ್ರಮವಾಗಿದೆ.

ಒಂದರಿಂದ ಎಂಟರವರೆಗೆ ಕೂಡಿದರೆ 36 ದೀಪಗಳಾಗುತ್ತವೆ. ಪ್ರತಿ ರಾತ್ರಿಯ ಸಹಾಯಕ ದೀಪವನ್ನೂ (ಇದರ ವಿವರ ಮುಂದಿದೆ) ಸೇರಿಸಿದರೆ 44. ಅಂಗಡಿಯಲ್ಲಿ ಸಿಗುವ ಹನುಕ್ಕಾ ಮೇಣದಬತ್ತಿಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 44 ಬತ್ತಿಗಳಿರುವುದು ಇದೇ ಲೆಕ್ಕದಿಂದ. ಸೆಫಾರ್ದಿ ಮನೆಗಳಲ್ಲಿ ಇಡೀ ಕುಟುಂಬಕ್ಕೆ ಒಂದೇ ದೀಪಸಾಲು. ಅಶ್ಕೆನಾಜಿ ಮನೆಗಳಲ್ಲಿ ಅನೇಕ ಕಡೆ ಮಕ್ಕಳೂ ಸೇರಿದಂತೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಸಾಲು ಇರುವುದರಿಂದ ಅಂಥ ಮನೆಗೆ ಒಂದು ಪೆಟ್ಟಿಗೆ ಸಾಲುವುದಿಲ್ಲ.

ಎಂಟು ರಾತ್ರಿಗೆ ಎಂಟು ದೀಪ ಸಾಕು. ಒಂಬತ್ತನೆಯದು ಏಕೆ?

ಈ ಹಬ್ಬದ ತಿರುಳೆಲ್ಲ ಈ ಪ್ರಶ್ನೆಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಹನುಕ್ಕಾ ದೀಪದ ಬೆಳಕನ್ನು ಉಪಯೋಗಿಸುವಂತಿಲ್ಲ. ಅದರ ಬೆಳಕಿನಲ್ಲಿ ಓದಬಾರದು, ಹಣ ಎಣಿಸಬಾರದು, ಊಟ ಬಡಿಸಬಾರದು, ಬಿದ್ದ ವಸ್ತುವನ್ನು ಹುಡುಕಬಾರದು, ಅದರಿಂದ ಒಲೆ ಹೊತ್ತಿಸಬಾರದು. ಹಚ್ಚಿದ ಮೇಲೆ ಹೇಳುವ ಸಾಲುಗಳಲ್ಲೇ ಇದು ಸ್ಪಷ್ಟವಾಗಿದೆ: ಈ ದೀಪಗಳು ಪವಿತ್ರ, ಇವನ್ನು ಬಳಸಿಕೊಳ್ಳುವ ಅಧಿಕಾರ ನಮಗಿಲ್ಲ, ನೋಡುವ ಅಧಿಕಾರ ಮಾತ್ರ ಇದೆ.

ವಿದ್ಯುತ್ ಇಲ್ಲದ ಕಾಲದಲ್ಲಿ ಕತ್ತಲ ಮನೆಯಲ್ಲಿ ದೀಪವೊಂದು ಉರಿಯುತ್ತಿದ್ದರೆ ಅದರ ಬೆಳಕನ್ನು ಬಳಸದೆ ಇರುವುದು ಸುಲಭವಲ್ಲ. ಅದಕ್ಕಾಗಿಯೇ ಪಕ್ಕದಲ್ಲಿ ಇನ್ನೊಂದು ದೀಪವಿಟ್ಟರು. ಅಕಸ್ಮಾತ್ ಕಣ್ಣಿಗೆ ಬೆಳಕು ಬೇಕಾದರೆ ಅದು ಈ ಹೆಚ್ಚುವರಿ ದೀಪದಿಂದ ಬಂದದ್ದು ಎಂದಾಗಲಿ ಎಂಬುದು ಉದ್ದೇಶ. ಇದಕ್ಕೆ ಶಮಾಶ್, ಅಂದರೆ ಸೇವಕ ಎಂದು ಹೆಸರು. ಅಶ್ಕೆನಾಜಿಗಳು ಇದೇ ಶಮಾಶಿನಿಂದ ಉಳಿದ ದೀಪಗಳನ್ನು ಹಚ್ಚುತ್ತಾರೆ. ಎಂಟರ ಸಾಲಿನಲ್ಲಿ ಅದು ಬೆರೆಯದಿರಲೆಂದು ಸ್ವಲ್ಪ ಎತ್ತರದಲ್ಲೋ ಪಕ್ಕಕ್ಕೆ ಸರಿಸಿಯೋ ಇಡುತ್ತಾರೆ. ಸಿರಿಯಾದ ಅಲೆಪ್ಪೊ ಮೂಲದ ಯಹೂದಿಗಳಲ್ಲಿ ಎರಡು ಶಮಾಶ್ ಇಡುವ ಪದ್ಧತಿಯಿದೆ. ಸ್ಪೇನಿನಿಂದ ಹೊರದೂಡಲ್ಪಟ್ಟು ಅಲೆಪ್ಪೊ ಸೇರಿದ ಹಿರಿಯರು ತಮಗೆ ಆಶ್ರಯ ಸಿಕ್ಕಿದ್ದಕ್ಕೆ ಕೃತಜ್ಞತೆಯಾಗಿ ಇದನ್ನು ಆರಂಭಿಸಿದರೆಂದು ಆ ಸಮುದಾಯದಲ್ಲಿ ಹೇಳುತ್ತಾರೆ.

ಮೆನೋರಾ, ಹನುಕ್ಕಿಯಾ ಎರಡೂ ಒಂದೇ ಏನು?

ಮಾತಿನಲ್ಲಿ ಎರಡೂ ನಡೆಯುತ್ತವೆ. ಆದರೆ ಜೆರುಸಲೇಮಿನ ದೇವಾಲಯದಲ್ಲಿದ್ದ ಮೆನೋರಾಕ್ಕೆ ಏಳು ದೀಪಗಳು. ಅದರ ತದ್ರೂಪವನ್ನು ಮಾಡಿ ಬಳಸಬಾರದೆಂಬ ನಿಯಮವಿದೆ. ಹಬ್ಬಕ್ಕೆ ಬಳಸುವುದು ಎಂಟು ದೀಪ ಮತ್ತು ಒಂದು ಶಮಾಶ್ ಇರುವ ಹನುಕ್ಕಿಯಾ. ಅದು ಬೆಳ್ಳಿಯದ್ದೇ ಆಗಬೇಕಿಲ್ಲ, ಕವಲುಗಳಿರಬೇಕೆಂದೂ ಇಲ್ಲ. ಎಂಟು ಗಾಜಿನ ಬಟ್ಟಲುಗಳನ್ನು ಸಾಲಾಗಿ ಇಟ್ಟರೂ ಸಾಕು. ಮುಖ್ಯವಾದದ್ದು, ಒಂದೊಂದು ಜ್ವಾಲೆಯೂ ಬೇರೆಬೇರೆಯಾಗಿ ಕಾಣಬೇಕು. ಬತ್ತಿಗಳನ್ನು ಒತ್ತೊತ್ತಾಗಿ ಇಟ್ಟರೆ ಜ್ವಾಲೆಗಳು ಕೂಡಿ ಬೆಂಕಿಯ ಕುಂಡದಂತಾಗಿ ದಿನದ ಲೆಕ್ಕ ತಿಳಿಯದೆ ಹೋಗುತ್ತದೆ. ಎಂಟೂ ಒಂದೇ ಎತ್ತರದಲ್ಲಿ, ನೇರ ಸಾಲಿನಲ್ಲಿರಬೇಕು ಎನ್ನುವುದೂ ಇದೇ ಕಾರಣಕ್ಕೆ.

ಎಣ್ಣೆ ಒಳ್ಳೆಯದೋ ಮೇಣದಬತ್ತಿಯೋ? ವಿದ್ಯುತ್ ದೀಪ ನಡೆಯುತ್ತದೆಯೇ?

ಎಲ್ಲ ಎಣ್ಣೆಗಳೂ ಎಲ್ಲ ಬತ್ತಿಗಳೂ ನಡೆಯುತ್ತವೆ. ದೇವಾಲಯದಲ್ಲಿ ಉರಿದದ್ದು ಆಲಿವ್ ಎಣ್ಣೆಯಾದ್ದರಿಂದ, ಹಾಗೆಯೇ ಅದರ ಜ್ವಾಲೆ ತಿಳಿಯಾಗಿರುವುದರಿಂದ, ಆಲಿವ್ ಎಣ್ಣೆಗೆ ಹತ್ತಿಯ ಬತ್ತಿ ಹಾಕಿ ಹಚ್ಚುವುದು ಶ್ರೇಷ್ಠ ಎನ್ನುತ್ತಾರೆ. ಕೊಬ್ಬರಿ ಎಣ್ಣೆಯಲ್ಲಿ ಹಚ್ಚಿದರೂ ಕೊರತೆಯೇನಿಲ್ಲ. ಮೇಣದಬತ್ತಿ ಬಳಸುವ ಮನೆಗಳೇ ಇಂದು ಹೆಚ್ಚು. ವಿದ್ಯುತ್ ದೀಪದಿಂದ ಕರ್ತವ್ಯ ಪೂರೈಸುವುದಿಲ್ಲ ಎಂಬುದು ಬಹುಪಾಲು ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ ಅಭಿಪ್ರಾಯ. ಅಲ್ಲಿ ಎಣ್ಣೆಯೂ ಇಲ್ಲ, ಬತ್ತಿಯೂ ಇಲ್ಲ. ಆಸ್ಪತ್ರೆಯಲ್ಲಿ, ವೃದ್ಧಾಶ್ರಮದಲ್ಲಿ ಬೆಂಕಿ ಹಚ್ಚಲು ಅನುಮತಿ ಇಲ್ಲದಾಗ, ನೆನಪಿಗಾಗಿ ವಿದ್ಯುತ್ ಹನುಕ್ಕಿಯಾ ಬೆಳಗಿಸುವುದುಂಟು. ಆಗ ಸಾಮಾನ್ಯವಾಗಿ ಪ್ರಾರ್ಥನೆಯ ವಾಕ್ಯಗಳನ್ನು ಹೇಳುವುದಿಲ್ಲ.

ದೀಪವನ್ನು ಎಲ್ಲಿ ಇಡಬೇಕು?

ಹೊರಗಿನವರಿಗೆ ಕಾಣುವಂತೆ ಇಡಬೇಕು. ದೀಪದ ಉದ್ದೇಶವೇ ಪವಾಡವನ್ನು ಸಾರುವುದು. ಹಳೆಯ ನಿಯಮದಂತೆ ಜಾಗ ಮನೆಬಾಗಿಲ ಹೊರಗೆ. ಬಾಗಿಲ ಬಲ ನಿಲುವಿನಲ್ಲಿ ಮೆಜೂಜಾ ಎಂಬ ಧರ್ಮವಾಕ್ಯದ ಸುರುಳಿ ಇರುವುದರಿಂದ ದೀಪ ಎಡಕ್ಕೆ ಬರುತ್ತದೆ. ಜೆರುಸಲೇಮಿನ ಹಳೆಯ ಬಡಾವಣೆಗಳಲ್ಲಿ ಬಾಗಿಲ ಪಕ್ಕ ಗಾಜಿನ ಪೆಟ್ಟಿಗೆಯೊಳಗೆ ಎಣ್ಣೆಯ ದೀಪಗಳನ್ನು ಇಟ್ಟಿರುವುದನ್ನು ಇಂದಿಗೂ ನೋಡಬಹುದು. ಮಹಡಿಯಲ್ಲಿ ವಾಸವಿರುವವರು ಬೀದಿಯ ಕಡೆಯ ಕಿಟಕಿಯಲ್ಲಿ ಇಡುತ್ತಾರೆ. ಆದರೆ ನೆಲದಿಂದ ಇಪ್ಪತ್ತು ಮೊಳಕ್ಕಿಂತ, ಅಂದರೆ ಸುಮಾರು 10 ಮೀಟರಿಗಿಂತ ಎತ್ತರವಿದ್ದರೆ ದಾರಿಹೋಕರ ಕಣ್ಣು ಅಲ್ಲಿಗೆ ಹೋಗುವುದಿಲ್ಲವೆಂದು ಶಾಸ್ತ್ರ ಹೇಳುತ್ತದೆ. ಇನ್ನು ಕೆಳಗೆ ಹತ್ತು ಹಿಡಿಯೊಳಗೆ, ಎಂದರೆ ಸುಮಾರು 80 ಸೆಂಟಿಮೀಟರಿನೊಳಗೆ ಇಡುವುದು ಒಳ್ಳೆಯದೆಂಬ ಮಾತೂ ಇದೆ.

ಎತ್ತರದ ಈ ಚರ್ಚೆ ಒಂದು ಒಂಟೆಯ ಪ್ರಕರಣಕ್ಕೆ ಹೋಗಿ ಮುಟ್ಟುತ್ತದೆ. ಅಗಸೆನಾರಿನ ಹೊರೆ ಹೊತ್ತ ಒಂಟೆ ಬೀದಿಯಲ್ಲಿ ಸಾಗುವಾಗ ಹೊರೆಗೆ ಅಂಗಡಿಯ ದೀಪ ತಗುಲಿ ಬೆಂಕಿ ಹತ್ತಿದರೆ ನಷ್ಟ ತುಂಬಬೇಕಾದವರು ಯಾರು ಎಂದು ಕ್ರಿ.ಶ. 200ರ ಸುಮಾರಿಗೆ ರೂಪುಗೊಂಡ ಮಿಶ್ನಾ ಎಂಬ ಸಂಹಿತೆ ಕೇಳುತ್ತದೆ. ದೀಪ ಅಂಗಡಿಯ ಹೊರಗಿದ್ದರೆ ಅಂಗಡಿಯವನೇ ಹೊಣೆ. ಆದರೆ ಅದು ಹನುಕ್ಕಾ ದೀಪವಾಗಿದ್ದರೆ ಅವನು ಹೊಣೆಯಲ್ಲ ಎನ್ನುತ್ತಾರೆ ರಬ್ಬಿ ಯೆಹೂದ. ಹನುಕ್ಕಾ ದೀಪದ ಜಾಗ ಹೊರಗೇ ತಾನೇ! ಒಂಟೆಯನ್ನು ಸವಾರನ ಸಮೇತ ದಾಟಿಸುವಷ್ಟು ಎತ್ತರದಲ್ಲಿ ಇಡಬಹುದಿತ್ತಲ್ಲ ಎಂದು ತಾಲ್ಮುದ್ ಮುಂದುವರಿಸಿ ಕೇಳುತ್ತದೆ. ಜನರಿಗೆ ಇಷ್ಟೆಲ್ಲ ಕಷ್ಟ ಕೊಟ್ಟರೆ ಅವರು ದೀಪ ಹಚ್ಚುವುದನ್ನೇ ಬಿಟ್ಟಾರು ಎಂಬ ಕಳಕಳಿಯ ಉತ್ತರವೂ ಅಲ್ಲೇ ಇದೆ.

ಹೊರಗಿಟ್ಟರೆ ಅಪಾಯ ಎನ್ನುವ ಕಾಲದಲ್ಲಿ ಮನೆಯೊಳಗೆ ಮೇಜಿನ ಮೇಲೆ ಇಟ್ಟರೆ ಸಾಕು ಎಂದೂ ತಾಲ್ಮುದ್ ಹೇಳಿದೆ. ಈ ಒಂದು ಸಾಲಿನ ಹಿಂದೆ ಎಷ್ಟೋ ಶತಮಾನಗಳ ಭಯವಿದೆ. ಯುರೋಪಿನ ಬಹುಪಾಲು ಯಹೂದಿಗಳು ದೀಪವನ್ನು ಒಳಗಿಡುವ ರೂಢಿಗೆ ಬಂದದ್ದು ಹೀಗೆ. ಅಪಾಯ ಕಳೆದ ಮೇಲೂ ಎಷ್ಟೋ ಮನೆಗಳಲ್ಲಿ ದೀಪ ಒಳಗೇ ಉಳಿದಿದೆ.

ಯಾವ ಹೊತ್ತಿಗೆ ಹಚ್ಚಬೇಕು? ಎಷ್ಟು ಹೊತ್ತು ಉರಿಯಬೇಕು?

ಕೆಲವರು ಸೂರ್ಯಾಸ್ತಕ್ಕೆ, ಇನ್ನು ಕೆಲವರು ನಕ್ಷತ್ರ ಮೂಡಿದ ಮೇಲೆ ಹಚ್ಚುತ್ತಾರೆ. ಪೇಟೆಯಲ್ಲಿ ಕಾಲಸಪ್ಪಳ ನಿಲ್ಲುವವರೆಗೆ ಅದಕ್ಕೆ ಅವಕಾಶ ಎಂಬುದು ತಾಲ್ಮುದಿನ ಮಾತು. ಕೊನೆಗೆ ಪೇಟೆ ಬಿಡುವವರು ತರ್ಮೋದ್, ಅಂದರೆ ಇಂದಿನ ಸಿರಿಯಾದಲ್ಲಿರುವ ಪಾಲ್ಮೈರಾ ಕಡೆಯ ಜನ. ಕತ್ತಲಾದ ಮೇಲೆ ಒಲೆಗೆ ಪುಳ್ಳೆ ಸಾಲದೆ ಓಡಿ ಬರುವವರಿಗಾಗಿ ಅವರು ಸೌದೆ ಮಾರುತ್ತ ಉಳಿದಿರುತ್ತಿದ್ದರು. ಅವರೂ ಮನೆಗೆ ಹೊರಟರೆಂದರೆ ದೀಪ ನೋಡಲು ಬೀದಿಯಲ್ಲಿ ಯಾರೂ ಇಲ್ಲವೆಂದು ಅರ್ಥ. ಈ ಅವಧಿಯನ್ನು ಅರ್ಧ ಗಂಟೆ ಎಂದು ಲೆಕ್ಕ ಹಾಕಿದ್ದಾರೆ. ಆದ್ದರಿಂದ ಕತ್ತಲಾದ ಮೇಲೆ ಅರ್ಧ ಗಂಟೆ ಉರಿಯುವಷ್ಟು ಎಣ್ಣೆ ಇರಬೇಕು. ಈಗ ಬೀದಿಗಳು ಬಹಳ ಹೊತ್ತು ಎಚ್ಚರವಿರುತ್ತವೆ, ದೀಪವೂ ಹೆಚ್ಚಾಗಿ ಮನೆಯವರಿಗಾಗಿ ಒಳಗೇ ಇರುತ್ತದೆ. ಹಾಗಾಗಿ ಕೆಲಸದಿಂದ ತಡವಾಗಿ ಬಂದವರು ಮನೆಯವರು ಎಚ್ಚರವಿರುವವರೆಗೂ ಹಚ್ಚಬಹುದು.

ಜೋಡಿಸುವ ಮತ್ತು ಹಚ್ಚುವ ಕ್ರಮ ಯಾವುದು?

ಹನುಕ್ಕಿಯಾಕ್ಕೆ ಎದುರಾಗಿ ನಿಂತಾಗ ನಿಮ್ಮ ಬಲತುದಿಯಲ್ಲಿರುವ ಬಟ್ಟಲು ಮೊದಲ ರಾತ್ರಿಯದು. ಎರಡನೆಯ ರಾತ್ರಿ ಅದರ ಎಡಕ್ಕೆ ಇನ್ನೊಂದು, ಹೀಗೆ ಬಲದಿಂದ ಎಡಕ್ಕೆ ಜೋಡಿಸುತ್ತ ಹೋಗುತ್ತಾರೆ. ಹಚ್ಚುವುದು ಮಾತ್ರ ಎಡದಿಂದ ಬಲಕ್ಕೆ. ಅಂದು ಹೊಸದಾಗಿ ಸೇರಿದ ದೀಪಕ್ಕೆ ಮೊದಲ ಮರ್ಯಾದೆ. ಬೆಂಕಿಕಡ್ಡಿಯಿಂದ ಶಮಾಶನ್ನು ಹೊತ್ತಿಸಿ, ಅದನ್ನು ಕೈಯಲ್ಲಿ ಹಿಡಿದು ಪ್ರಾರ್ಥನೆಯ ವಾಕ್ಯಗಳನ್ನು ಪೂರ್ತಿ ಹೇಳಿ, ಆಮೇಲೆ ದೀಪಗಳಿಗೆ ಮುಟ್ಟಿಸುತ್ತಾರೆ. ಹೊತ್ತಿಸಿದ ಹನುಕ್ಕಿಯಾವನ್ನು ಎತ್ತಿ ಬೇರೆಡೆ ಇಡಬಾರದು. ಹಚ್ಚುವ ಕ್ರಿಯೆಯೇ ಇಲ್ಲಿ ಕರ್ತವ್ಯ. ಆದ್ದರಿಂದ ದೀಪ ಎಲ್ಲಿ ಉರಿಯಬೇಕೋ ಅಲ್ಲೇ ಅದನ್ನು ಹಚ್ಚಬೇಕು.

ಹಚ್ಚುವಾಗ ಹೇಳುವ ಪ್ರಾರ್ಥನೆಗಳ ಅರ್ಥವೇನು?

ಮೊದಲನೆಯದು, ತನ್ನ ಆಜ್ಞೆಗಳಿಂದ ನಮ್ಮನ್ನು ಪವಿತ್ರಗೊಳಿಸಿ ಹನುಕ್ಕಾ ದೀಪ ಹಚ್ಚಲು ಆಜ್ಞಾಪಿಸಿದ ದೇವರಿಗೆ ಸ್ತುತಿ. ಎರಡನೆಯದು, ಆ ದಿನಗಳಲ್ಲಿ, ಇದೇ ಋತುವಿನಲ್ಲಿ, ನಮ್ಮ ಪೂರ್ವಜರಿಗಾಗಿ ಪವಾಡಗಳನ್ನು ಮಾಡಿದವನಿಗೆ ಸ್ತುತಿ. ಮೂರನೆಯದನ್ನು ಮೊದಲ ರಾತ್ರಿ ಮಾತ್ರ ಹೇಳುತ್ತಾರೆ: ನಮ್ಮನ್ನು ಬದುಕಿಸಿ, ಉಳಿಸಿ, ಈ ಕಾಲಕ್ಕೆ ತಂದು ಮುಟ್ಟಿಸಿದವನಿಗೆ ಸ್ತುತಿ.

ಹನುಕ್ಕಾ ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದಲ್ಲಿ ಇಲ್ಲವೇ ಇಲ್ಲ, ಹಾಗಿರುವಾಗ ದೇವರು ಇದನ್ನು ಆಜ್ಞಾಪಿಸಿದ್ದೆಲ್ಲಿ ಎಂದು ತಾಲ್ಮುದೇ ಕೇಳಿಕೊಂಡಿದೆ. ಹಿರಿಯರು ಹೇಳಿದ್ದನ್ನು ಮೀರಬೇಡ, ನಿನ್ನ ತಂದೆಯನ್ನು ಕೇಳು, ಅವನು ತಿಳಿಸುವನು ಎಂಬ ತೋರಾದ ವಾಕ್ಯಗಳನ್ನೇ ಉತ್ತರವಾಗಿ ತೋರಿಸುತ್ತದೆ. ಹಚ್ಚಿದ ಮೇಲೆ ಅಶ್ಕೆನಾಜಿ ಮನೆಗಳಲ್ಲಿ ಮಧ್ಯಯುಗದ ಒಂದು ಹಾಡನ್ನು, ಸೆಫಾರ್ದಿ ಮನೆಗಳಲ್ಲಿ 30ನೇ ಕೀರ್ತನೆಯನ್ನು ಹಾಡುವುದು ರೂಢಿ.

ಶುಕ್ರವಾರ ಮತ್ತು ಶನಿವಾರ ಏನು ವ್ಯತ್ಯಾಸ?

ಶುಕ್ರವಾರ ಸೂರ್ಯಾಸ್ತದಿಂದ ಶಬ್ಬತ್, ಅಂದರೆ ವಾರದ ಪವಿತ್ರ ವಿಶ್ರಾಂತಿಯ ದಿನ ಆರಂಭವಾಗುತ್ತದೆ, ಆಮೇಲೆ ಬೆಂಕಿ ಹೊತ್ತಿಸುವಂತಿಲ್ಲ. ಹಾಗಾಗಿ ಹನುಕ್ಕಾ ದೀಪವನ್ನು ಹಗಲಿರುವಾಗಲೇ, ಶಬ್ಬತ್ ದೀಪಕ್ಕಿಂತ ಮೊದಲು ಹಚ್ಚುತ್ತಾರೆ. ಹೀಗೆ ಬೇಗ ಹಚ್ಚಿದ ದೀಪವೂ ಕತ್ತಲಾದ ಮೇಲೆ ಅರ್ಧ ಗಂಟೆ ಉರಿಯಲೇಬೇಕಾದ್ದರಿಂದ, ಪೆಟ್ಟಿಗೆಯಲ್ಲಿ ಬರುವ ಸಣ್ಣ ಬತ್ತಿಗಳು ಆ ದಿನಕ್ಕೆ ಸಾಲುವುದಿಲ್ಲ. ಒಂದೂವರೆ ಗಂಟೆಯಾದರೂ ಉರಿಯುವ ದಪ್ಪ ಬತ್ತಿಯನ್ನೋ ಹೆಚ್ಚು ಎಣ್ಣೆಯನ್ನೋ ಮೊದಲೇ ತಂದಿಡಬೇಕು. ಶನಿವಾರ ರಾತ್ರಿ ಶಬ್ಬತ್ ಪೂರ್ತಿ ಮುಗಿಯುವವರೆಗೆ ದೀಪವನ್ನು ಮುಟ್ಟುವುದಿಲ್ಲ.

ಯಾರು ಹಚ್ಚಬೇಕು? ಹೆಂಗಸರು ಹಚ್ಚಬಹುದೇ?

ಹಚ್ಚಬಹುದು ಎನ್ನುವುದಕ್ಕಿಂತ ಹಚ್ಚಲೇಬೇಕು ಎನ್ನುವುದು ಸರಿ. ಹೊತ್ತಿಗೆ ಕಟ್ಟುಬಿದ್ದ ಅನೇಕ ವಿಧಿಗಳಿಂದ ಹೆಂಗಸರಿಗೆ ವಿನಾಯಿತಿ ಇದ್ದರೂ, ಈ ಪವಾಡದಲ್ಲಿ ಅವರೂ ಪಾಲುದಾರರು ಎಂದು ರಬ್ಬಿ ಯೆಹೋಶುವ ಬೆನ್ ಲೇವಿ ಹೇಳಿದ್ದಾರೆ. ದೀಪ ಉರಿಯುವಷ್ಟು ಹೊತ್ತು ಹೆಂಗಸರು ಮನೆಗೆಲಸಕ್ಕೆ ಕೈಹಾಕದೆ ಕುಳಿತುಕೊಳ್ಳುವ ಹಳೆಯ ರೂಢಿಯೂ ಇದೆ. ನೀವು ಕೆಲಸ ಮಾಡುವ ಮನೆಯ ಅಜ್ಜಿ ಆ ಅರ್ಧ ಗಂಟೆ ಬಟ್ಟೆ ಮಡಚಲೂ ಒಪ್ಪದಿದ್ದರೆ ಕಾರಣ ಇದು. ಹಬ್ಬದ ನಡುವೆ ಬರುವ ತೇವೇತ್ ಮಾಸದ ಮೊದಲ ದಿನವನ್ನು ಟ್ಯುನೀಷಿಯಾ, ಲಿಬಿಯಾ ಮುಂತಾದ ಕಡೆಯ ಯಹೂದಿಗಳು ಹೆಣ್ಣುಮಕ್ಕಳ ಹಬ್ಬವಾಗಿಯೇ ಆಚರಿಸುತ್ತ ಬಂದರು.

ನಾನು ನೋಡಿಕೊಳ್ಳುವ ಹಿರಿಯರಿಗೆ ಕೈ ನಡುಗುತ್ತದೆ. ಅವರ ಪರವಾಗಿ ನಾನು ಹಚ್ಚಬಹುದೇ?

ಪೂರ್ತಿ ನೀವೇ ಹಚ್ಚಿಬಿಟ್ಟರೆ ಅವರ ಕರ್ತವ್ಯ ನೆರವೇರಿದಂತಾಗುವುದಿಲ್ಲ. ಈ ವಿಧಿಗೆ ಬದ್ಧರಾದವರೇ, ಅಂದರೆ ಯಹೂದಿ ವಯಸ್ಕರೇ ಹಚ್ಚಬೇಕು ಎಂಬುದು ನಿಯಮ. ಇದು ನಿಮ್ಮನ್ನು ಹೊರಗಿಡುವ ಮಾತಲ್ಲ. ಅವರ ಮನೆಯ ಸಣ್ಣ ಮಗುವಿಗೂ ಇದೇ ನಿಯಮ ಅನ್ವಯಿಸುತ್ತದೆ. ಆದರೆ ನೆರವು ನೀಡಲು ಅಡ್ಡಿಯಿಲ್ಲ. ಕಣ್ಣು ಕಾಣದವರು ಇನ್ನೊಬ್ಬರ ನೆರವಿನಿಂದ ಹಚ್ಚಬಹುದೆಂದು ವಿಧಿಗ್ರಂಥಗಳಲ್ಲಿಯೇ ಇದೆ. ನೀವು ಹನುಕ್ಕಿಯಾ ಒರೆಸಿಡಬಹುದು, ಎಣ್ಣೆ ಸುರಿದು ಬತ್ತಿ ಜೋಡಿಸಿ ಕೊಡಬಹುದು, ಶಮಾಶ್ ಹಿಡಿದ ಅವರ ಕೈಗೆ ನಿಮ್ಮ ಕೈಯನ್ನು ಆಸರೆಯಾಗಿ ಕೊಡಬಹುದು. ಬತ್ತಿಗೆ ಬೆಂಕಿ ತಗುಲಿಸುವುದು ಅವರ ಕೈ ಆಗಿದ್ದರೆ ಆಯಿತು. ಅದೂ ಆಗದಷ್ಟು ನಿತ್ರಾಣರಾಗಿದ್ದರೆ ಮಗನೋ ಮಗಳೋ ಬಂದು ಹಚ್ಚಿ, ಅವರನ್ನು ದೀಪ ಕಾಣುವಂತೆ ಕೂರಿಸುವುದು ವಾಡಿಕೆ. ಬೇರೆಯವರು ಹಚ್ಚಿದ ದೀಪವನ್ನು ನೋಡುವುದಕ್ಕೂ ಈ ಹಬ್ಬದಲ್ಲಿ ಬೆಲೆಯಿದೆ. ತಾನು ಹಚ್ಚಲಾಗದೆ, ತನ್ನ ಪರವಾಗಿ ಮನೆಯಲ್ಲಿ ಹಚ್ಚುವವರೂ ಇಲ್ಲದೆ, ದೀಪವನ್ನು ನೋಡಿದಷ್ಟೇ ಮಾಡಿದವನು ಕೂಡ ಪವಾಡದ ಸ್ತುತಿಯನ್ನು ಹೇಳಬಹುದು.

ಎರಡು ಎಚ್ಚರಿಕೆಗಳು. ಶುಕ್ರವಾರ ರಾತ್ರಿ ಹನುಕ್ಕಿಯಾವನ್ನು ಜರುಗಿಸುವ ಮುನ್ನ ಮನೆಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಶಬ್ಬತ್ತಿನಂದು ಅದನ್ನು ಅವರು ಮುಟ್ಟುವುದಿಲ್ಲ. ಪರದೆಗೆ ಕಿಡಿ ತಗುಲಿದಂತಹ ಅಪಾಯವೇನಾದರೂ ಕಂಡರೆ ಮಾತ್ರ ಯಾರನ್ನೂ ಕೇಳದೆ ತಕ್ಷಣ ಆರಿಸಿ. ಪ್ರಾಣರಕ್ಷಣೆಯ ಮುಂದೆ ಶಬ್ಬತ್ತಿನ ನಿಯಮವೂ ನಿಲ್ಲುವುದಿಲ್ಲ ಎಂಬುದು ಯಹೂದಿ ಧರ್ಮದ ಸ್ಪಷ್ಟ ನಿಲುವು.

ದೀಪ ಬೇಗ ಆರಿದರೆ? ಒಂದು ರಾತ್ರಿ ಮರೆತರೆ? ಬತ್ತಿ ಕಡಿಮೆ ಬಿದ್ದರೆ?

ಸಾಕಷ್ಟು ಎಣ್ಣೆ ಹಾಕಿ, ಗಾಳಿ ಬೀಸದ ಕಡೆ ಇಟ್ಟು ಹಚ್ಚಿದ ಮೇಲೆ ಆಕಸ್ಮಿಕವಾಗಿ ಆರಿದರೆ ಕರ್ತವ್ಯ ಮುಗಿದಿರುತ್ತದೆ. ಮತ್ತೆ ಹಚ್ಚುವುದು ಒಳ್ಳೆಯದು, ಕಡ್ಡಾಯವಲ್ಲ. ಒಂದು ರಾತ್ರಿ ತಪ್ಪಿದರೆ ಅದನ್ನು ತುಂಬಿಕೊಳ್ಳುವ ದಾರಿ ಇಲ್ಲ. ಮರುದಿನ ಆ ದಿನದ ಲೆಕ್ಕದಷ್ಟೇ ಹಚ್ಚಬೇಕು. ನಾಲ್ಕನೆಯ ರಾತ್ರಿ ಮೂರೇ ಬತ್ತಿಗಳಿದ್ದರೆ ಮೂರು ಹಚ್ಚದೆ ಒಂದನ್ನೇ ಹಚ್ಚುವುದು ಸರಿಯೆನ್ನುತ್ತಾರೆ. ಮೂರು ಉರಿದರೆ ನೋಡಿದವರು ಇಂದು ಮೂರನೆಯ ರಾತ್ರಿ ಎಂದು ತಿಳಿದಾರು.

ಕೊಳ್ಳಲು ಹಣವೇ ಇಲ್ಲದವರು ಏನು ಮಾಡಬೇಕು?

12ನೇ ಶತಮಾನದ ಯಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್ ಇದಕ್ಕೆ ಕೊಟ್ಟ ಉತ್ತರ ಕಠಿಣವಾದದ್ದು: ದಾನದ ಅನ್ನದಲ್ಲಿ ಬದುಕುವವನೂ ಬೇಡಿಯಾದರೂ, ಮೈಮೇಲಿನ ಬಟ್ಟೆ ಮಾರಿಯಾದರೂ ಎಣ್ಣೆ ತಂದು ಹಚ್ಚಬೇಕು. ಅದೇ ಮೈಮೊನಿಡೀಸ್ ಆ ಅಧ್ಯಾಯದ ಕೊನೆಗೆ ಬರೆದದ್ದನ್ನೂ ಜೊತೆಯಲ್ಲಿ ಓದಬೇಕು. ಒಂದೇ ದೀಪಕ್ಕೆ ಸಾಲುವಷ್ಟು ಹಣವಿದ್ದು, ಶಬ್ಬತ್ ದೀಪವೋ ಹನುಕ್ಕಾ ದೀಪವೋ ಎಂದು ಆರಿಸಬೇಕಾಗಿ ಬಂದರೆ ಶಬ್ಬತ್ ದೀಪವನ್ನೇ ಹಚ್ಚಬೇಕು. ಆ ಬೆಳಕಿನಲ್ಲಿ ಮನೆಯವರು ಕೂಡಿ ಊಟ ಮಾಡುತ್ತಾರೆ, ಮನೆಯೊಳಗಿನ ಸಮಾಧಾನ ಪವಾಡವನ್ನು ಸಾರುವುದಕ್ಕಿಂತ ದೊಡ್ಡದು.

ದೊಡ್ಡ ಚೌಕಗಳಲ್ಲಿ ಆಳೆತ್ತರದ ಹನುಕ್ಕಿಯಾ ಹಚ್ಚುವುದು ಯಾವಾಗಿನಿಂದ?

ಇದು ಇತ್ತೀಚಿನ ರೂಢಿ. ಖಬಾದ್ ಪಂಥದ ರಬ್ಬಿಗಳು 1974ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಸಾರ್ವಜನಿಕವಾಗಿ ದೀಪ ಹಚ್ಚಿದರು. 1979ರಲ್ಲಿ ವಾಷಿಂಗ್ಟನ್ನಿನ ಸಮಾರಂಭಕ್ಕೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಬಂದ ಮೇಲೆ ಅದು ಎಲ್ಲೆಡೆ ಹರಡಿತು. ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾ ಎದುರೂ ಹಚ್ಚುತ್ತಾರೆ. ಚೌಕದಲ್ಲಿ ಹಚ್ಚಿದ್ದರಿಂದ ಅಲ್ಲಿ ನೆರೆದವರ ಮನೆಯ ಕರ್ತವ್ಯ ತೀರುವುದಿಲ್ಲ, ಅವರು ಮನೆಗೆ ಹೋಗಿ ಮತ್ತೆ ಹಚ್ಚಬೇಕು.

ಹೊರಗೆ ಕಾಣುವಂತೆ ಇಡುವ ನಿಯಮದ ಅರ್ಥವನ್ನು ತಿಳಿಯಲು ಚೌಕಗಳಿಗಿಂತ ಒಂದು ಸಣ್ಣ ಕಿಟಕಿಯ ಚಿತ್ರ ಹೆಚ್ಚು ನೆರವಾಗುತ್ತದೆ. ಜರ್ಮನಿಯ ಕೀಲ್ ನಗರದಲ್ಲಿ 1931ರ ಹನುಕ್ಕಾದಂದು, ಅಲ್ಲಿನ ರಬ್ಬಿ ಅಕಿವ ಪೋಸ್ನರ್ ಅವರ ಪತ್ನಿ ರಾಖೆಲ್ ಅವರು ಕಿಟಕಿಯಲ್ಲಿಟ್ಟ ಹನುಕ್ಕಿಯಾದ ಫೋಟೋ ತೆಗೆದರು. ಎದುರಿನ ಕಟ್ಟಡದಲ್ಲಿ ನಾಜಿ ಪಕ್ಷದ ಧ್ವಜ ತೂಗುತ್ತಿತ್ತು, ಫೋಟೋದಲ್ಲಿ ಎರಡೂ ಒಟ್ಟಿಗೆ ಬಿದ್ದಿವೆ. ಹಿಟ್ಲರ್ ಅಧಿಕಾರಕ್ಕೆ ಬರಲು ಇನ್ನೂ ಒಂದು ವರ್ಷವಿತ್ತು. ಯಹೂದಿಗಳು ಅಳಿಯಲಿ ಎನ್ನುತ್ತದೆ ಧ್ವಜ, ಎಂದೆಂದಿಗೂ ಬಾಳುವರು ಎನ್ನುತ್ತವೆ ದೀಪಗಳು ಎಂಬ ಅರ್ಥದ ಮಾತನ್ನು ಅವರು ಫೋಟೋದ ಹಿಂದೆ ಬರೆದಿಟ್ಟರು. ಕುಟುಂಬ ಜರ್ಮನಿ ಬಿಟ್ಟು ಪಾರಾಯಿತು. ಆ ಹನುಕ್ಕಿಯಾ ಈಗ ನಾಜಿಗಳು ಕೊಂದ ಯಹೂದಿಗಳ ನೆನಪಿಗಿರುವ ಜೆರುಸಲೇಮಿನ ಯಾದ್ ವಶೇಮ್ ಸ್ಮಾರಕದ ಸಂಗ್ರಹದಲ್ಲಿದ್ದು, ಹಬ್ಬದ ದಿನಗಳಲ್ಲಿ ಹಚ್ಚಲು ವಂಶಸ್ಥರ ಮನೆಗೆ ಮರಳುತ್ತದೆ. 2022ರಲ್ಲಿ ಅದನ್ನು ಜರ್ಮನಿಗೆ ಕೊಂಡೊಯ್ದು ಬರ್ಲಿನ್ನಿನಲ್ಲಿ ಅಧ್ಯಕ್ಷ ಸ್ಟೈನ್‌ಮಾಯರ್ ಅವರ ಸಮ್ಮುಖದಲ್ಲಿ ಬೆಳಗಿಸಲಾಯಿತು.

ಭಾರತದ ಯಹೂದಿಗಳೂ ಹಚ್ಚುತ್ತಾರೆಯೇ?

ಹಚ್ಚುತ್ತಾರೆ. ಕೊಂಕಣ ತೀರದ ಬೆನೆ ಇಸ್ರೇಲ್ ಸಮುದಾಯಕ್ಕೆ ಬಹುಕಾಲ ಈ ಹಬ್ಬವೇ ತಿಳಿದಿರಲಿಲ್ಲ. ಅಲಿಬಾಗ್ ಬಳಿಯ ನವಗಾಂವ್ ತೀರದಲ್ಲಿ ಹಡಗು ಒಡೆದು ದಡ ಸೇರಿದ ತಮ್ಮ ಪೂರ್ವಜರು ಹನುಕ್ಕಾ ಹುಟ್ಟುವ ಮೊದಲೇ ನಾಡು ಬಿಟ್ಟವರು ಎಂಬುದು ಅವರ ಪರಂಪರೆಯ ವಿವರಣೆ. ಹಬ್ಬ ಅವರಲ್ಲಿ ನೆಲೆಗೊಂಡದ್ದು ಕೊಚ್ಚಿಯ ಮತ್ತು ಇತರ ಕಡೆಯ ಯಹೂದಿಗಳ ಸಂಪರ್ಕ ಬೆಳೆದ ಮೇಲೆ. ಇವರ ಕುಲಕಸುಬು ಗಾಣದಲ್ಲಿ ಎಣ್ಣೆ ತೆಗೆಯುವುದು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಸುತ್ತಲಿನವರು ಇವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಶತಮಾನಗಳ ಕಾಲ ಊರಿಗೆಲ್ಲ ಎಣ್ಣೆ ಒದಗಿಸುತ್ತ ಬಂದವರಿಗೆ ಎಣ್ಣೆಯ ಪವಾಡದ ಹಬ್ಬ ಇಷ್ಟು ತಡವಾಗಿ ದೊರಕಿತೆಂಬುದು ನನ್ನನ್ನು ಬಹಳ ಕಾಡುವ ಸಂಗತಿ. 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ (ಯಹೂದಿ ಪ್ರಾರ್ಥನಾಮಂದಿರ) ಇರುವ ಕೊಚ್ಚಿಯಲ್ಲಿ ಗೋಡೆಗೆ ತೂಗುಹಾಕುವ ಹಿತ್ತಾಳೆಯ ಹನುಕ್ಕಾ ದೀಪಗಳಿದ್ದವು. ಅಲ್ಲಿನ ಬಹುತೇಕರು ಇಸ್ರೇಲಿಗೆ ಹೋದರು, ಅಂಥ ದೀಪಗಳನ್ನು ಈಗ ಇಸ್ರೇಲಿನ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಇದನ್ನು ಯಹೂದಿಗಳ ದೀಪಾವಳಿ ಎನ್ನಬಹುದೇ?

ಸಾಲುದೀಪ, ಎಣ್ಣೆ, ಕರಿದ ತಿಂಡಿ, ಮಕ್ಕಳ ಸಂಭ್ರಮ ಇವನ್ನೆಲ್ಲ ನೋಡಿದಾಗ ಹಾಗೆ ಅನ್ನಿಸುವುದು ಸಹಜ. ಆದರೆ ದೀಪಾವಳಿಯ ಹಣತೆ ಮನೆ ಅಂಗಳವನ್ನು ಬೆಳಗುವುದಕ್ಕೇ ಇರುವುದು. ಎಷ್ಟು ಹಚ್ಚಿದರೂ ಸಂತೋಷ, ಆ ಬೆಳಕಿನಲ್ಲಿ ರಂಗೋಲಿ ಹಾಕಿದರೂ ಅಡ್ಡಿಯಿಲ್ಲ. ಹನುಕ್ಕಾ ದೀಪಕ್ಕೆ ಎಣಿಕೆಯಿದೆ, ಅದರ ಬೆಳಕನ್ನು ಮುಟ್ಟದಿರುವ ಸಂಯಮವಿದೆ. ಹೋಲಿಕೆ ಪರಿಚಯಕ್ಕೆ ಸಾಕು, ತಿಳಿವಳಿಕೆಗೆ ಸಾಲದು.

ಅತಿಥಿಯಾಗಿ ಹೋದಾಗ ಏನು ಮಾಡಬೇಕು?

ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ, ಸೂರ್ಯ ನಿಮಗಾಗಿ ಕಾಯುವುದಿಲ್ಲ. ಪ್ರಾರ್ಥನೆ ನಡೆಯುವಾಗ ಎದ್ದು ನಿಂತು ಮೌನವಾಗಿದ್ದರೆ ಸಾಕು, ಕೈಮುಗಿಯಬೇಕಾದ ಅಗತ್ಯವಿಲ್ಲ. ದೀಪಕ್ಕೆ ನಮಸ್ಕಾರ ಮಾಡುವುದು, ಆರತಿಯಂತೆ ಬೆಳಕನ್ನು ಕಣ್ಣಿಗೊತ್ತಿಕೊಳ್ಳುವುದು ಅಲ್ಲಿಯ ರೀತಿಯಲ್ಲ. ದೀಪ ಅಲ್ಲಿ ಪೂಜೆಯ ವಸ್ತುವಲ್ಲ. ತಿಂಡಿ ಒಯ್ಯುವಿರಾದರೆ ಆ ಮನೆಯಲ್ಲಿ ಕೋಶರ್ ಆಹಾರನಿಯಮ ಪಾಲಿಸುತ್ತಾರೆಯೇ ಎಂದು ಮೊದಲೇ ಕೇಳಿ. ‘ಹನುಕ್ಕಾ ಸಮೇಯಾಖ್’ ಎಂದರೆ ಹಬ್ಬ ಸಂತೋಷದಿಂದ ಕೂಡಿರಲಿ ಎಂಬ ಶುಭಾಶಯ.

ಉಳಿದ ಎಣ್ಣೆ, ಬತ್ತಿಗಳನ್ನು ಏನು ಮಾಡುತ್ತಾರೆ?

ಬಾಟಲಿಯಲ್ಲಿ ಉಳಿದ ಎಣ್ಣೆಗೆ ನಿರ್ಬಂಧವಿಲ್ಲ, ಅಡುಗೆಗೂ ಬಳಸಬಹುದು. ಬಟ್ಟಲಿಗೆ ಸುರಿದು ಅರ್ಧ ಉರಿದು ಉಳಿದದ್ದನ್ನು ಮರುದಿನದ ಹನುಕ್ಕಾ ದೀಪಕ್ಕೆ ಮತ್ತೆ ಹಾಕುತ್ತಾರೆ. ಎಂಟನೆಯ ರಾತ್ರಿಯ ನಂತರವೂ ಬಟ್ಟಲಿನಲ್ಲಿ ಉಳಿದಿದ್ದರೆ ಅದು ಈ ದೀಪಕ್ಕೆಂದೇ ಮೀಸಲಾದದ್ದು, ಬೇರೆ ಕೆಲಸಕ್ಕೆ ಬಾರದು. ಅದನ್ನೂ ಬತ್ತಿಗಳನ್ನೂ ಒಟ್ಟುಮಾಡಿ ಸುಡುತ್ತಾರೆ. ಆದ್ದರಿಂದ ಹಬ್ಬ ಮುಗಿದ ಬೆಳಗ್ಗೆ ಬಟ್ಟಲುಗಳನ್ನು ತೊಳೆಯಲು ಎತ್ತಿಕೊಳ್ಳುವ ಮುನ್ನ ಮನೆಯವರನ್ನು ಒಂದು ಮಾತು ಕೇಳಿ.